ಅತ್ತಿಯ ನಿದ್ದೆ, ಮಾವನ ಉಸಿರು

ಯಾರಾದರೂ ದೆವ್ವ, ಗಾಳಿ ಎಂದು ಶುರು ಮಾಡಿದರೆ ನಾನು ನಡುವೆಯೇ ಎದ್ದು ಚಹಾಕ್ಕೆ ಇಡಲು ಹೋಗುವವಳು. ಉಸಿರು, ನಿದ್ದೆಗಳ ತೊಂದರೆ ಕುರಿತು ಸಂಶೋಧನೆ ನಡೆಸುವ ವಿಜಯಪುರದ ಒಂದು ಸಂಸ್ಥೆಯಲ್ಲಿ ನನ್ನ ಕೆಲಸ. ಮಲಗುವವರ ತಲೆಗೆ, ಎದೆಗೆ ತಂತಿ ಅಂಟಿಸಿ, ಪಕ್ಕದ ಕೋಣೆಯಲ್ಲಿ ಕುಳಿತು ಪರದೆಯ ಮೇಲಿನ ಗೆರೆ ನೋಡುತ್ತೇನೆ. ಗೆರೆಯಲ್ಲಿ ಬಾರದ್ದನ್ನು ನಂಬುವ ಜರೂರತ್ತು ನನಗೆ ಬಿದ್ದಿರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ; ಆದರೆ ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಹೇಳದೆ ಇರಲೂ ಆಗುತ್ತಿಲ್ಲ.

ಘೋಣಸಗಿಯ ನನ್ನ ಸೋದರಮಾವ ಶಿದ್ದಪ್ಪನ ಗೊರಕೆ ನಮ್ಮ ಬಳಗಕ್ಕೆಲ್ಲ ಗೊತ್ತು. ಮದುವೆ ಮನೆಗಳಲ್ಲಿ ಅವನ ಹಾಸಿಗೆಯನ್ನು ಹೊರಗಿನ ಕಟ್ಟೆಗೆ ಸಾಗಿಸುತ್ತಿದ್ದರು. ನಗುವ ಮಾತಲ್ಲ. ಗೊರಕೆ ಗಪ್ಪನೆ ನಿಂತು, ಅದರ ಜೊತೆ ಉಸಿರೂ ನಿಲ್ಲುತ್ತಿತ್ತು. ಆಗ ಗಂಗವ್ವ ಅತ್ತಿ ಗಂಡನ ಪಕ್ಕೆ ತಿವಿದು "ಕೇಳ್ರಿಲ್ಲೆ" ಅನ್ನಬೇಕು, ಉಸಿರು ಹೊರಳಬೇಕು. ಹಗಲಿರಲಿ ರಾತ್ರಿಯಿರಲಿ, ಅವನು ಮಲಗಿದರೆ ಅವಳು ಎದ್ದಿರಬೇಕು. ಅವಳ ಕಣ್ಣು ಗುಳಿ ಬಿದ್ದಿದ್ದವು. ನೋಡಲಾರದೆ ನಾನೇ ಜಗಳ ತೆಗೆದು ಇಬ್ಬರನ್ನೂ ಕರೆಸಿಕೊಂಡೆ.

ಪರೀಕ್ಷೆ ಮಾಡುವುದು ರಾತ್ರಿ. ಆದರೆ ಪಂಪಿನ ಕರೆಂಟು ಬರುವುದೂ ರಾತ್ರಿಯೇ ಆದ್ದರಿಂದ, ದ್ರಾಕ್ಷಿಗೆ ನೀರು ಬಿಡುವ ಮಾವ ಹಗಲು ಮಲಗುವವನು. ಡಾಕ್ಟರು ಒಪ್ಪಿ ಮಧ್ಯಾಹ್ನವೇ ಮಲಗಿಸಿದರು. ಸದ್ದು ದಾಟದ ಗೋಡೆ, ದಪ್ಪ ಬಾಗಿಲು. ಅತ್ತಿಯನ್ನು ನನ್ನ ಕೋಣೆಯಲ್ಲಿ ಕೂಡಿಸಿಕೊಂಡೆ. ಅವಳು ಪರದೆಯನ್ನೊಮ್ಮೆ ನೋಡಿ, "ಇವತ್ತೊಂದಿನ ನೀ ಕಾಯಿ ಯವ್ವಾ, ನಾ ಮಕ್ಕೋತೇನಿ" ಎಂದು ಸೆರಗು ಹೊದ್ದು ನೆಲದ ಮೇಲೇ ಅಡ್ಡಾದಳು. ಮಾತು ಮುಗಿಯುವುದರೊಳಗೆ ನಿದ್ದೆ.

ಸ್ವಲ್ಪ ಹೊತ್ತಿಗೆ ಮಾವನ ಉಸಿರಿನ ಗೆರೆ ಸಪಾಟಾಗಿ ಮಲಗಿತು. ಆಗಲೇ ಅತ್ತಿ ನಿದ್ದೆಯಲ್ಲಿ "ಕೇಳ್ರಿಲ್ಲೆ" ಎಂದಳು. ಗೆರೆ ಎದ್ದಿತು. ರೂಢಿಬಲ ಎಂದು ನಕ್ಕೆ. ಮತ್ತೆ ನಿಂತಿತು, ಮತ್ತೆ ಅಂದಳು, ಮತ್ತೆ ಎದ್ದಿತು. ನನ್ನ ನಗು ಹೋಯಿತು. ಆ ಕೋಣೆಗೆ ಮಾತಾಡುವ ಮೈಕನ್ನು ನೋಡಿದೆ, ಬಂದ್ ಇತ್ತು.

ಒಂದು ಸಲ ಮಾತ್ರ ಗೆರೆ ಏಳಲೇ ಇಲ್ಲ. ಅತ್ತಿ ಎರಡು ಸಲ ಅಂದರೂ ಏಳಲಿಲ್ಲ. ನಾನು ಕುರ್ಚಿ ಬೀಳಿಸಿಕೊಂಡು ಬಾಗಿಲಿಗೆ ಓಡಿದೆ. ಹಿಂದಿನಿಂದ ಅತ್ತಿಯ ಧ್ವನಿ ಬಂತು: "ಲೇ ಶಿದ್ಯಾ, ಏಳೋ."

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಶುಭಕಾರ್ಯಗಳಲ್ಲಿ ಎಲ್ಲರೂ ಕಾಡಿದರೆ ಒಡಪು ಕಟ್ಟಿ, ಅದರಲ್ಲಿ ಮುಚ್ಚಿ ಹೇಳಬೇಕು. ಅಲ್ಲಿಯೂ ಗಂಗವ್ವ ಅತ್ತಿ ನಾಚಿ ಅಡಿಗೆಮನೆಗೆ ಓಡುವವಳು. ಅಂಥವಳ ಬಾಯಲ್ಲಿ ಶಿದ್ಯಾ! ನಾನು ಆಚೆ ಬಾಗಿಲು ತೆಗೆದಾಗ ಮಾವ ದೊಡ್ಡ ಉಸಿರೆಳೆದು ಮಗ್ಗುಲಾಗುತ್ತಿದ್ದ.

ಎದ್ದ ಮೇಲೆ ಕೇಳಿದರೆ ಅತ್ತಿ ಸಿಟ್ಟಾದಳು. ನಾಲಿಗೆ ಬಿದ್ದುಹೋದೀತು, ಹಾಗೆಲ್ಲ ಅಂದಿಲ್ಲ ಎಂದು ನನ್ನನ್ನೇ ಬೈದಳು. ಮಿದುಳೇ ಎಬ್ಬಿಸಿ ಉಸಿರು ತರುತ್ತದೆ, ಉಳಿದದ್ದು ಕಾಕತಾಳೀಯ ಎಂದರು ಡಾಕ್ಟರು. ಇರಬಹುದು. ಈಗ ಮಾವ ಮೂಗಿಗೆ ಗಾಳಿಯಂತ್ರ ಕಟ್ಟಿಕೊಂಡು ಮಲಗುತ್ತಾನೆ, ಅತ್ತಿಗೂ ಕಣ್ತುಂಬ ನಿದ್ದೆ. ನನಗೆ ಅಷ್ಟೇ ಬೇಕಿತ್ತು.

ಆದರೆ ಅವತ್ತು ತಂತಿ ಬಿಚ್ಚುವಾಗ ಮಾವನ ಕಣ್ಣು ಒದ್ದೆಯಾಗಿದ್ದವು. "ನಮ್ಮವ್ವ ಬಂದಿದ್ಳು ನೋಡು. ಶಿದ್ಯಾ ಅಂತ ಕರದ್ಳು. ಆಕಿ ಹೋದಮ್ಯಾಲೆ ಹಂಗ ಕರಿಯಾವ್ರ ಯಾರೂ ಉಳದಿಲ್ಲ."

ಉಳಿದಿದ್ದಾಳೆ ಮಾವ, ಪಕ್ಕದ ಕೋಣೆಯಲ್ಲೇ ಇದ್ದಾಳೆ ಎನ್ನಲು ಬಾಯಿ ತೆರೆದೆ. ಗೋಡೆಯಾಚೆಯ ಮಾತು ತನಗೆ ಕೇಳಿದ್ದು ಹೇಗೆ ಎಂದು ಅವನು ಕೇಳಿದರೆ? ತಂತಿ ಸುತ್ತತೊಡಗಿದೆ.