ಏನನ್ನೂ ಹೊರದ ಕಂಬಗಳು

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೆ. ಕಟ್ಟಡದಲ್ಲಿ ಕೆಲಸಕ್ಕೆ ಬಾರದ ಒಂದು ಗೆರೆಯೂ ಇರಬಾರದೆಂದು ನಮ್ಮ ಮೇಷ್ಟ್ರು ಹೇಳಿದ್ದು ನನಗೆ ವೇದವಾಕ್ಯ. ದೊಡ್ಡಬಳ್ಳಾಪುರದ ನಮ್ಮ ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಕಟ್ಟೋಣವೆಂದು ಹಟ ಹಿಡಿದು ನಕ್ಷೆ ಬರೆದೆ. ನೇಕಾರರಾದ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದೇನಪ್ಪಾ, ಬೆಂಕಿಪೊಟ್ಟಣ ಇಟ್ಟಂಗಿದೆ? ಅಂಚು, ಸೆರಗು ಇಲ್ದೆ ಸೀರೆ ನೇದ್ರೆ ಯಾರು ತಗೋತಾರೆ?”

“ಮನೆ ಅಂದ್ರೆ ಸೀರೆ ಅಲ್ಲಪ್ಪಾ,” ಎಂದು ಬೀಗಿದೆ.

ಕೊನೆಗೆ ನನ್ನ ಹಟವೇ ಗೆದ್ದಿತು. ನಾನು ಹಳೇ ಮನೆ ಕೆಡವಿಸಿದ ದಿನ ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ನನ್ನದೇ ಚಿಂತೆ. ಗೃಹಪ್ರವೇಶಕ್ಕೆ ಮೇಷ್ಟ್ರು ಬರುವವರಿದ್ದರು. ಮನೆ ಅವರಿಗೆ ಒಪ್ಪಿಗೆಯಾದರೆ ಅವರ ಆಫೀಸಿನಲ್ಲೇ ನನಗೆ ಕೆಲಸ.

ಪರೀಕ್ಷೆ ಮುಗಿಸಿ ಗೃಹಪ್ರವೇಶದ ಹಿಂದಿನ ದಿನ ಊರಿಗೆ ಬಂದು ನೋಡಿದರೆ, ಹಳೇ ಪಡಸಾಲೆಯ ಎರಡು ಮರದ ಕಂಬಗಳನ್ನು ಅಪ್ಪ ಹೊಸ ಬಾಗಿಲಿನ ಆಚೀಚೆ ನಿಲ್ಲಿಸಿಬಿಟ್ಟಿದ್ದರು! ಹಳೇ ಸೂರು ತಗ್ಗು, ನನ್ನ ತಾರಸಿ ಎತ್ತರ. ಕಂಬದ ತಲೆಗೂ ಬಾಗಿಲ ಮೇಲೆ ಚಾಚಿದ ಸಜ್ಜಾಕ್ಕೂ ನಡುವೆ ಒಂದೂವರೆ ಅಡಿ ಖಾಲಿ. ಅಲ್ಲೊಂದು ಗುಬ್ಬಿ ಆರಾಮವಾಗಿ ಕೂತಿತ್ತು.

“ಏನನ್ನೂ ಹೊರದೇ ಇರೋ ಕಂಬ ಯಾಕಪ್ಪಾ ಬೇಕು?” ಎಂದು ಕೂಗಾಡಿದೆ.

“ನಮ್ಮಪ್ಪನ ಕಾಲದಿಂದ ಹೊತ್ತವೆ ಕಣೋ. ಇನ್ಮೇಲಾದ್ರೂ ಸುಮ್ನೆ ನಿಂತ್ಕೊಳ್ಲಿ ಬಿಡು.”

ಮೇಸ್ತ್ರಿ ಸಿಮೆಂಟು ಹಾಕಿ ಬಿಗಿದಿದ್ದ, ಕೀಳುವಂತಿರಲಿಲ್ಲ. ನಾನು ಬಿಡುವ ಆಸಾಮಿಯೇ? ಬೆಳಗಾಗುತ್ತಲೇ ಎಂಟು ಬಾಳೆಕಂದು ತರಿಸಿ ಕಂಬಗಳ ಸುತ್ತ ಕಟ್ಟಿ, ಸಂದುಗಳಿಗೆಲ್ಲ ಮಾವಿನ ಸೊಪ್ಪು ತುರುಕಿ, ಮರದ ಚೂರೂ ಕಾಣದಂತೆ ಮುಚ್ಚಿಬಿಟ್ಟೆ. ಮೇಷ್ಟ್ರು ಬಂದರು, ನುಣ್ಣನೆಯ ಗೋಡೆ ಸವರಿದರು, ಒಬ್ಬಟ್ಟು ತಿಂದರು, ಕೆಲಸ ಕೊಟ್ಟರು. ಇತ್ತ ಅಪ್ಪ ಬಂದ ನೆಂಟರನ್ನೆಲ್ಲ ಬಾಗಿಲಲ್ಲೇ ತಡೆದು, “ನಿನ್ನೆ ಬೈದೋನು ಇವತ್ತು ಕಂಬಕ್ಕೆ ಹೆಂಗೆ ಸಿಂಗಾರ ಮಾಡವ್ನೆ ನೋಡ್ರಪ್ಪಾ!” ಎಂದು ಹಿಗ್ಗುತ್ತಿದ್ದರು. ನಾನು ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟು ಹಿತ್ತಲಿಗೆ ಜಾರಿಕೊಂಡೆ.

ದಶಕದ ಕೊನೆಗೆ ಆಫೀಸಿಗೆ ಒಂದು ವಿದೇಶಿ ಪತ್ರಿಕೆ ಬಂತು. ಡಬ್ಬಿಯಂಥ ಕಟ್ಟಡಗಳಿಂದ ಬೇಸತ್ತವರು ಅಲ್ಲಿ ಹಳೇ ಕಾಲದ ಕಮಾನು, ಗೋಪುರ, ಕಂಬಗಳನ್ನು ಹೊಸ ಗೋಡೆಗೆ ಬೇಕೆಂದೇ ಅಂಟಿಸುತ್ತಿದ್ದರು. ಅರ್ಧ ತಮಾಷೆ, ಅರ್ಧ ಅಕ್ಕರೆ. ಅದಕ್ಕೆ ಪೋಸ್ಟ್ ಮಾಡರ್ನ್ ಎಂದು ಹೆಸರಂತೆ. ಒಂದು ಚಿತ್ರದಲ್ಲಂತೂ ಕಂಬದ ತಲೆಯ ಮೇಲೆ ಬರೀ ಆಕಾಶ! ಒಂದು ಗೆರೆಯೂ ಹೆಚ್ಚಿರಬಾರದೆಂದಿದ್ದ ನಮ್ಮ ಮೇಷ್ಟ್ರೇ ಅದನ್ನು ನೋಡಿ ತಲೆದೂಗಿದರು.

ಪತ್ರಿಕೆ ಎತ್ತಿಕೊಂಡು ಬಸ್ಸು ಹತ್ತಿದೆ. ಕಂಬ ಮುಚ್ಚಿದ್ದಕ್ಕೆ ಕ್ಷಮೆ ಕೇಳಲು ನಾಚಿಕೆ, ಹೊಗಳಿ ಪಾರಾಗುವ ಉಪಾಯ. “ಅಪ್ಪಾ, ಫಾರಿನ್ನೋರಿಗಿಂತ ಮುಂಚೆ ನೀನೇ ಮಾಡಿದ್ದೆ ನೋಡು!” ಎಂದೆ.

ಅಪ್ಪ ಕನ್ನಡಕ ಹಾಕಿಕೊಂಡು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಪಾಪ,” ಎಂದರು, “ಇವರ ಹಳೇ ಮನೇನೂ ಮಗನೇ ಕೆಡವಿಸಿದ್ನಾ?”