ಒಲೆ ಹಚ್ಚದ ದಿನ

ಹೈದರಾಬಾದಿನಲ್ಲಿ ಮನೆ ಹಿಡಿದಾಗ ಮಾಲೀಕ ನಮ್ಮ ಜಾತಿ ಕೇಳಲೇ ಇಲ್ಲ. ಕೀಲಿಕೈ ಕೊಟ್ಟು ಹೊರಟುಹೋದ. ನಾನು ಕೀಲಿಕೈ ಹಿಡಿದು ಹೊಸ್ತಿಲಲ್ಲೇ ನಿಂತೆ. ಬರಕ್ಕೆ ಬಾವಿ ಬತ್ತಿದ ವರ್ಷ ನಮ್ಮೂರು ಹಲಬರ್ಗಾ ಬಿಟ್ಟವರು ನಾವು. ಭಾಲ್ಕಿಯಲ್ಲಿ, ಬೀದರಿನ ಮೈಲೂರಿನಲ್ಲಿ ಮನೆ ಕೇಳಿದ್ದೆವು. ಬೌದ್ಧರು, ಅಂದರೆ ದಲಿತರು, ಎಂದು ತಿಳಿದೊಡನೆ ಖಾಲಿ ಮನೆಗೂ ಯಾರೋ ಬಾಡಿಗೆದಾರರು ಹುಟ್ಟಿಕೊಳ್ಳುತ್ತಿದ್ದರು.

ಇಲ್ಲಿ ಎದುರು ಮನೆಯ ಪದ್ಮಾ ಮರುದಿನವೇ ನಮ್ಮ ಕಪ್ಪಿನಲ್ಲಿ ಚಹಾ ಕುಡಿದಳು. ಊರಲ್ಲಿ ಗೌಡರ ಓಣಿಯ ಹೆಂಗಸರು ನಮ್ಮ ಅಂಗಳದಲ್ಲೇ ನಿಂತು ಮಾತಾಡಿ ಹೋಗುವವರು.

"ನೋಡ್ರಿ, ನಮ್ಮ ಮನ್ಯಾಗ ಚಾ ಕುಡದ್ಲು!" ಎಂದೆ ಗಂಡನಿಗೆ.

"ಅದಕ್ಕ ಡಂಗುರ ಹೊಡೀತೀಯೇನು? ಅಕಿಗಿ ತಲಿ ನೋಯ್ತಿರಬೇಕು," ಎಂದು ನಕ್ಕರು.

ಮರುವರ್ಷ ಎದೆನೋವು ಬಂದು ಅವರು ಹೋಗಿಬಿಟ್ಟರು. ಕಟ್ಟಡದ ಗಂಡಸರು ಸ್ಮಶಾನದವರೆಗೂ ಬಂದರು, ಕೈಮುಗಿದರು, ತಮ್ಮ ತಮ್ಮ ಬಾಗಿಲು ಹಾಕಿಕೊಂಡರು. ಔರಾದಿಗೆ ಕೊಟ್ಟ ನನ್ನ ಅಕ್ಕ ಕಬ್ಬು ಕಡಿಯಲು ದೂರ ಹೋಗಿದ್ದಳು, ಬಂದು ಮುಟ್ಟುವುದು ಮರುದಿನವೇ.

ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೇ ರೊಟ್ಟಿ, ಬೇಳೆ ತಂದು ಒತ್ತಾಯ ಮಾಡಿ ಉಣ್ಣಿಸುತ್ತಾರೆ. ಅಪ್ಪ ಸತ್ತಾಗ, ನಮ್ಮೊಡನೆ ಮಾತು ಬಿಟ್ಟಿದ್ದ ದೊಡ್ಡವ್ವನೂ ಬುಟ್ಟಿ ಹೊತ್ತು ಬಂದಿದ್ದಳು. ಹಾಗಾಗಿ ನಾನು ಬಾಗಿಲು ತೆರೆದಿಟ್ಟು ಕೂತೆ.

"ಅವ್ವಾ, ಹಸಿವಿ ಆಗ್ಯಾದ," ಎಂದಳು ಮಗಳು.

"ತಡಿ, ತರ್ತಾರ."

ದೀಪ ಹಚ್ಚುವ ಹೊತ್ತಾದರೂ ಯಾರೂ ತರಲಿಲ್ಲ. ಗಂಡನನ್ನು ಕಳಿಸಿಕೊಟ್ಟ ದಿನವೇ ನನ್ನ ಕೈಯಾರೆ ಗ್ಯಾಸು ಹಚ್ಚಿ ಅನ್ನಕ್ಕಿಟ್ಟೆ. ಅಂಥ ಅನಾಥತನ ಅವರ ಹೆಣದ ಮುಂದೆಯೂ ಆಗಿರಲಿಲ್ಲ.

ಮುಂದೊಂದು ದಿನ ಪದ್ಮಾಳಿಗೆ ಇದನ್ನು ಹೇಳಿದೆ. ಅವಳು ಅತ್ತೇಬಿಟ್ಟಳು. "ದುಃಖದಲ್ಲಿದ್ದವರಿಗೆ ಇಬ್ಬಂದಿ ಬೇಡ ಅಂತ ಎಲ್ಲರೂ ಸುಮ್ಮನಿದ್ದೆವು ಅಕ್ಕಾ." ತೆಲುಗಿನಲ್ಲಿ ಇಬ್ಬಂದಿ ಎಂದರೆ ತೊಂದರೆ. ಯಾರ ಬದುಕಿನಲ್ಲೂ ಕೈ ಹಾಕದಿರುವುದೇ ಇಲ್ಲಿಯ ಮರ್ಯಾದೆ. ನಮಗೆ ಮನೆ ಸಿಕ್ಕಿದ್ದೂ ಆ ಮರ್ಯಾದೆಯಿಂದಲೇ. ಸಿಟ್ಟು ಯಾರ ಮೇಲೆ ಮಾಡಲಿ?

"ಕೂಸಿನ ಕರ್ಕೊಂಡು ಬಂದ್ಬಿಡು, ನಾವಿಲ್ಲೇನು?" ಎನ್ನುತ್ತಾಳೆ ಅಕ್ಕ ಫೋನಿನಲ್ಲಿ. ಊರಿಗೆ ಹೋದರೆ ನಮ್ಮ ಓಣಿಯೆಲ್ಲ ನನ್ನನ್ನು ತಬ್ಬಿಕೊಳ್ಳುತ್ತದೆ, ನನಗೂ ಅದೇ ಬೇಕು. ಆದರೆ ಮಗಳು ಇಲ್ಲಿ ಎಲ್ಲರ ಮನೆಯೊಳಗೂ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೇ ನುಗ್ಗುತ್ತಾಳೆ. ಅವಳನ್ನು ಮತ್ತೆ ಗೌಡರ ಅಂಗಳದಲ್ಲಿ ನಿಲ್ಲಿಸಲು ನನಗೆ ಮನಸ್ಸಾಗದು.

"ಆಕಿ ಸಾಲಿ ಮುಗೀಲಿ, ಬರ್ತೇನಿ," ಎಂದು ಫೋನ್ ಇಡುತ್ತೇನೆ. ಆಮೇಲೆ ಬಾಗಿಲು ಹಾಕಿಕೊಂಡು, ಬಾಯಿಗೆ ಸೆರಗು ಒತ್ತಿ ಅಳುತ್ತೇನೆ. ಎದುರು ಮನೆಗೆ ಕೇಳಿಸಬಾರದಲ್ಲ.