ರಾಕ್ ಹಾಡಿಗೆ ನಾನು ಬರೆದ ಅರ್ಥ

ಹಾಡು ಕೇಳಿದ ಕೂಡಲೇ ಅದರ ಒಳಗೇನಿದೆ ಎಂದು ಕೆದಕುವ ಚಟ ನನಗೆ ಅಪ್ಪನಿಂದ ಬಂದದ್ದು. ಭದ್ರಾವತಿಯ ಹಳೇನಗರದ ನಮ್ಮ ಮನೆಯಲ್ಲಿ ಪ್ರತಿ ಸೋಮವಾರ ಸಂಜೆ ತತ್ವಪದದ ಭಜನೆ ನಡೆಯುತ್ತಿತ್ತು. ಅಪ್ಪ, ಕಾರ್ಖಾನೆಯಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಐದಾರು ಮಂದಿ, ಒಂದು ಹಾರ್ಮೋನಿಯಂ, ಎರಡು ಜೊತೆ ತಾಳ. ಅಲ್ಲಿ ಪದ ಹಾಡಿ ಮುಗಿಸಿದರೆ ಅರ್ಧ ಕೆಲಸ ಆದಂತೆ ಅಷ್ಟೆ. ಆಮೇಲೆ ಯಾರಾದರೂ ಅದನ್ನು ಬಿಡಿಸಬೇಕು. ಮನೆ ಎಂದರೆ ಮನೆಯಲ್ಲ, ದೇಹ. ಗಂಡ ಎಂದರೆ ಗಂಡನಲ್ಲ, ದೇವರು. ಮೇಲುಮೇಲಿನ ಅರ್ಥ ಹೇಳಿದವರು ಆವತ್ತಿನ ಚಹಾ ಲೋಟಗಳನ್ನೆಲ್ಲ ತೊಳೆಯಬೇಕು ಎಂಬುದು ಆ ಗುಂಪಿನ ಕಟ್ಟಳೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಬಾವಿಗೆ ಬಿದ್ದ ಕೊಡದ ಪದವೊಂದಕ್ಕೆ "ಕೊಡ ಬಾವಿಗೆ ಬಿತ್ತು, ಅಷ್ಟೇ" ಎಂದುಬಿಟ್ಟೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಲೋಟ ತೊಳೆಯುವಾಗ ಅಳು ಬಂದಿತ್ತು. ಅಂದಿನಿಂದ ನಾನು ಯಾವ ಹಾಡಿಗೂ ಮೇಲಿನ ಅರ್ಥ ಹೇಳಿದವಳಲ್ಲ.

ಬಿ.ಎ. ಮುಗಿದ ಮೇಲೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ಮಾಡಿಕೊಡುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಭದ್ರಾವತಿಯಿಂದ ರೈಲು. ಅದೇ ಡಬ್ಬಿಯಲ್ಲಿ ಅವನೂ ಬರುತ್ತಿದ್ದ. ಶಿವಮೊಗ್ಗದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವವನು. ಅವನ ತಾತನ ಕಾಲಕ್ಕೆ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆನಿಂತ ಕುಟುಂಬ. ಮನೆ ಹೊಳೆಯಾಚೆ, ನಮ್ಮೂರಿನದೇ ಹೊಸನಗರದಲ್ಲಿ. ಮನೆಯಲ್ಲಿ ಅವನು, ಅವನ ಅಮ್ಮ, ಇಬ್ಬರೇ. ಅವನು ಮರೆತು ಬಂದ ಊಟದ ಡಬ್ಬಿ ಹಿಡಿದುಕೊಂಡು ಆ ಅಮ್ಮ ಒಮ್ಮೆ ಸ್ಟೇಷನ್ನಿಗೆ ಓಡಿ ಬಂದಿದ್ದರು. ಕಿಟಕಿಯಿಂದ ಡಬ್ಬಿ ಇಸಿದುಕೊಂಡವಳು ನಾನೇ.

ಅವನ ಮೊಬೈಲಿನ ತುಂಬ ಇಂಗ್ಲಿಷ್ ರಾಕ್ ಹಾಡುಗಳು. ಲೇತ್ ಸದ್ದಿನ ನಡುವೆ ಕಿವಿಗೆ ಬೀಳುವುದು ಅದೊಂದೇ ಎನ್ನುತ್ತಿದ್ದ. ಮಾತು ಅರ್ಧಂಬರ್ಧ ತಿಳಿಯುತ್ತಿತ್ತಂತೆ. ನಾನು ಇಂಗ್ಲಿಷ್ ಕಾಗದ ಬಿಡಿಸುವವಳೆಂದು ಗೊತ್ತಾದ ದಿನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಇವ್ನು ಹಿಂಗೆ ಕಿರುಚಿಕೊಂಡು ಏನ್ ಹೇಳ್ತಿದಾನೆ, ಸ್ವಲ್ಪ ಹೇಳಿ" ಎಂದ.

ಒಬ್ಬ ಮನುಷ್ಯ ಬೈಕ್ ಹತ್ತಿ ರಾತ್ರಿಯಿಡೀ ಹೆದ್ದಾರಿಯಲ್ಲಿ ಹೋಗುತ್ತಾನೆ, ಪೆಟ್ರೋಲು ಮುಗಿಯುತ್ತಾ ಬಂದಿದೆ. ಹಾಡು ಅಷ್ಟೇ. ನಾನು ಬಿಡುತ್ತೇನೆಯೇ? ಬೈಕ್ ಎಂದರೆ ಶರೀರ, ಪೆಟ್ರೋಲು ಎಂದರೆ ಆಯಸ್ಸು, ಹಿಂದೆ ಕೂತಿರುವ ಹುಡುಗಿ ಎಂದರೆ ಆಸೆ ಎಂದು ಶಿವಮೊಗ್ಗ ಬರುವವರೆಗೆ ಬಿಡಿಸಿದೆ. ಅವನು ಬಾಯಿ ಬಿಟ್ಟುಕೊಂಡು ಕೇಳಿದ.

"ಅಷ್ಟೆಲ್ಲ ಇದೆಯಾ ಮಾರಾಯ್ರೆ ಅದ್ರಲ್ಲಿ? ನಾನು ಅವ್ನಿಗೆ ಬೈಕ್ ಅಂದ್ರೆ ಇಷ್ಟ ಅನ್ಕೊಂಡಿದ್ದೆ."

"ಅದು ಮೇಲಿನ ಅರ್ಥ. ಒಳಗೆ ಇಳೀಬೇಕು" ಎಂದೆ, ಥೇಟ್ ಅಪ್ಪನ ಧಾಟಿಯಲ್ಲಿ.

ಹೀಗೆ ಎರಡು ವರ್ಷ. ಅವನು ಹಾಡು ತರುತ್ತಿದ್ದ, ನಾನು ಬಿಡಿಸುತ್ತಿದ್ದೆ. ಬರಬರುತ್ತಾ ಅವನಿಗೂ ಪಳಗಿತು. ಒಂದು ಸಲ, ಗೇಟಿನಲ್ಲಿ ಕಾಯುವ ನಾಯಿಯ ಹಾಡಿಗೆ "ನಾಯಿ ಅಂದ್ರೆ ಮನಸ್ಸು ಅಲ್ವಾ?" ಎಂದು ತಾನೇ ಕೇಳಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಎದುರಿನ ಸೀಟಿನ ಟೀಚರಮ್ಮ ನಮ್ಮ ಡಬ್ಬಿಗೆ 'ಕೀರ್ತನೆ ಬೋಗಿ' ಎಂದು ಹೆಸರಿಟ್ಟಿದ್ದರು. ಆಕೆ ನಗಲಿ ಬಿಡಲಿ, ಭಾನುವಾರ ಬಂದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. ಆ ದಿನ ರೈಲಿಲ್ಲ, ಅವನಿಲ್ಲ. ನಾನು ಅವನನ್ನು ಪ್ರೀತಿಸುತ್ತಿದ್ದೆ. ಈಗ ಬರೆಯಲು ಯಾವ ಸಂಕೋಚವೂ ಇಲ್ಲ. ಆಗ ಮಾತ್ರ ಅವನೇ ಮೊದಲು ಬಾಯಿ ಬಿಡಲಿ ಎಂದು ಬಿಂಕದಿಂದ ಕಾದೆ. ಅವನೋ, ಹಾಡಿನ ವಿಷಯ ಬಿಟ್ಟರೆ ಮೂರನೆಯ ಮಾತಿಗೆ ಕಿಟಕಿ ಕಡೆ ತಿರುಗುವವನು.

ಒಂದು ಸೋಮವಾರ ಅವನು ತಂದ ಹಾಡಿನಲ್ಲಿ ಡ್ರಮ್ಮಿನ ಗದ್ದಲ ಇರಲಿಲ್ಲ. ಒಂದೇ ಗಿಟಾರು, ಗಂಟಲು ಕಟ್ಟಿದ ದನಿ. ಹಾಡಿನ ಮಾತು ಇಷ್ಟೇ: ಹೊಳೆಯಾಚೆ ನನ್ನ ಮನೆಯಿದೆ, ಶನಿವಾರ ಬಾ, ನನ್ನ ತಾಯಿಗೆ ಹೇಳಿದ್ದೇನೆ, ನಿನಗೆಂದು ಒಂದು ತಟ್ಟೆ ಹೆಚ್ಚಿಗೆ ಇಟ್ಟಿರುತ್ತಾಳೆ, ಬರುವಾಗ ಏನೂ ತರಬೇಡ.

"ಇದಕ್ಕೆ ಬಾಯಲ್ಲಿ ಹೇಳ್ಬೇಡಿ, ಬರ್ದು ಕೊಡಿ" ಎಂದ. "ಗುರುವಾರದೊಳಗೆ ಕೊಟ್ರೆ ಸಾಕು. ನಿಧಾನಕ್ಕೆ ಯೋಚ್ನೆ ಮಾಡಿ."

ಓದುತ್ತಿರುವ ನಿಮಗೆ ಈಗಾಗಲೇ ಗೊತ್ತಾಗಿದೆ. ಆ ಡಬ್ಬಿಯಲ್ಲಿದ್ದ ಟೀಚರಮ್ಮನಿಗೆ ಹೇಳಿದ್ದರೂ ಗೊತ್ತಾಗುತ್ತಿತ್ತು. ನನಗೆ ಗೊತ್ತಾಗಲಿಲ್ಲ. ಬರೆದು ಕೊಡಿ ಎಂದನಲ್ಲ, ಅದರ ಖುಷಿಯಲ್ಲೇ ತಲೆ ಕೆಟ್ಟಿತ್ತು. ಅವನಿಗಾಗಿ ನಾನು ಬರೆಯುವ ಮೊದಲ ಕಾಗದ, ಅವನು ಬೆರಗಾಗಬೇಕು ಎಂದು ಎರಡು ದಿನ ಊಟ ನಿದ್ದೆ ಬಿಟ್ಟು ನಾಲ್ಕು ಪುಟ ತುಂಬಿಸಿದೆ. ಹೊಳೆ ಎಂದರೆ ಸಂಸಾರ, ಅದನ್ನು ದಾಟುವುದು ಸುಲಭವಲ್ಲ. ತಾಯಿ ಎಂದರೆ ಮಾಯೆ, ಅವಳಿರುವ ಮನೆಯಲ್ಲಿ ಜೀವಕ್ಕೆ ನೆಮ್ಮದಿಯಿಲ್ಲ. ತಟ್ಟೆ ಎಂದರೆ ಭೋಗ, ಜಾಣರು ಅದನ್ನು ಮುಟ್ಟರು. ಕೊನೆಯ ಪುಟದಲ್ಲಿ ಅಪ್ಪನ ಭಜನೆಯಲ್ಲಿ ಕೇಳಿದ ವೈರಾಗ್ಯದ ಮಾತುಗಳನ್ನೆಲ್ಲ ಸುರಿದೆ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು.

ಗುರುವಾರ ಅವನು ಅದನ್ನು ರೈಲಿನಲ್ಲೇ ಓದಿದ. ಎರಡು ಸಲ ಓದಿದ. ನಾನು ಹೊಗಳಿಕೆಗಾಗಿ ಅವನ ಮುಖವನ್ನೇ ನೋಡುತ್ತಿದ್ದೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, "ಮೇಲಿನ ಅರ್ಥ ಏನೂ ಬರ್ದಿಲ್ವಲ್ಲ" ಎಂದ.

"ಅದು ಮಕ್ಕಳಿಗೂ ಗೊತ್ತಾಗುತ್ತೆ. ಅದ್ರಲ್ಲೇನಿದೆ?" ಎಂದೆ.

"ಹೌದಲ್ವಾ" ಎಂದು ಕಿಟಕಿ ಕಡೆ ತಿರುಗಿದ.

ಶನಿವಾರ ಅವನು ರೈಲಿಗೆ ಬರಲಿಲ್ಲ. ಮುಂದಿನ ವಾರ ಎರಡು ದಿನ ಬಂದ, ಹಾಡು ತರಲಿಲ್ಲ. ಕೊಯಮತ್ತೂರಿನಲ್ಲಿ ಮಾವನ ವರ್ಕ್‌ಶಾಪ್ ಇದೆ, ಅಲ್ಲಿಗೆ ಹೋಗ್ತೀನಿ ಎಂದ. ಯಾಕೆ ಎಂದು ನಾನು ಕೇಳಬೇಕಿತ್ತು. ಅದೂ ಬಿಂಕವೇ. "ಒಳ್ಳೇದಾಗ್ಲಿ" ಎಂದೆ. ಅವನು ಹೋದ ಮೇಲೆ ತಿಂಗಳುಗಟ್ಟಲೆ ಅದೇ ಸೀಟಿನಲ್ಲಿ ಕೂತೆ. ಪಕ್ಕದ ಜಾಗದಲ್ಲಿ ಯಾರಾದರೂ ಕೂತರೆ ಕಾರಣವಿಲ್ಲದೆ ರೇಗುತ್ತಿತ್ತು. ಒಂದು ದಿನ ಸೇತುವೆ ಮೇಲೆ ಹೊಳೆ ದಾಟುವಾಗ, ಹೊಸನಗರದ ಮನೆಗಳನ್ನು ನೋಡುತ್ತಾ ನಡೆಯುತ್ತಿದ್ದವಳಿಗೆ ಆ ಹಾಡು ತಾನಾಗಿ ನೆನಪಾಯಿತು. ಹೊಳೆ, ಮನೆ, ತಾಯಿ, ಶನಿವಾರ. ಅಲ್ಲೇ ಕಂಬಿ ಹಿಡಿದು ನಿಂತುಬಿಟ್ಟೆ. ಅವನ ನಂಬರಿಗೆ ಫೋನ್ ಮಾಡಿದರೆ ಅದು ಬೇರೆ ಯಾರದೋ ಆಗಿತ್ತು.

ನನಗೆ ಮದುವೆಯಾಗಲಿಲ್ಲ. ಅದಕ್ಕೆ ಅವನೊಬ್ಬನೇ ಕಾರಣ ಎಂದರೆ ಸುಳ್ಳಾದೀತು, ನನ್ನ ಸಿಡುಕಿಗೂ ಅದರಲ್ಲಿ ಪಾಲಿದೆ. ಈಗ ಶಿವಮೊಗ್ಗದ ಗೋಪಾಳದಲ್ಲಿದ್ದೇನೆ. ಇಷ್ಟು ವರ್ಷ ಒಂದು ಸಮಾಧಾನ ಮಾಡಿಕೊಂಡಿದ್ದೆ. ಇವಳು ದಡ್ಡಿ, ತಾನು ಹೇಳಿದ್ದು ಇವಳ ತಲೆಗೆ ಹೋಗಲಿಲ್ಲ ಎಂದುಕೊಂಡು ಅವನು ಹೋಗಿರಬೇಕು. ದಡ್ಡಿಯನ್ನು ಯಾರೂ ದ್ವೇಷಿಸುವುದಿಲ್ಲವಲ್ಲ.

ಕಳೆದ ತಿಂಗಳು ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಮುದುಕಿಯೊಬ್ಬರು ನನ್ನನ್ನೇ ದಿಟ್ಟಿಸಿ, "ನೀನು ಟ್ರೈನ್‌ನಲ್ಲಿ ಡಬ್ಬಿ ಇಸ್ಕೊಂಡ ಹುಡುಗಿ ಅಲ್ವಾಮ್ಮ?" ಎಂದರು. ಅವನ ಅಮ್ಮ. ಮಗನ ಜೊತೆ ಕೊಯಮತ್ತೂರಿನಲ್ಲಿದ್ದಾರಂತೆ, ಹಳೇ ಡಾಕ್ಟರೇ ಆಗಬೇಕೆಂದು ಇಲ್ಲಿಗೆ ಬಂದಿದ್ದರು. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಚೆನ್ನಾಗಿದ್ದಾನಂತೆ. ನಾನು ಕೇಳದೆಯೇ ಎಲ್ಲ ಹೇಳಿದರು. ಆಮೇಲೆ ನನ್ನ ಮೊಣಕೈ ಮೇಲೆ ಕೈಯಿಟ್ಟು, ಸಿಟ್ಟಿಲ್ಲದೆ, ಹಳೆಯ ಸಂಶಯವೊಂದನ್ನು ಬಗೆಹರಿಸಿಕೊಳ್ಳುವಂತೆ ಕೇಳಿದರು.

"ನಾನು ನಿಂಗೆ ಏನ್ ಮಾಡಿದ್ದೆ ಕಣಮ್ಮ? ಆ ಶನಿವಾರ ಬರಲ್ಲ ಅಂತ ನಾಲ್ಕು ಪುಟ ಬರ್ದು ಕೊಟ್ಯಂತೆ. ನನಗೆ ಕನ್ನಡ ಓದಕ್ಕೆ ಬರಲ್ಲ, ಅವ್ನೇ ಓದಿ ಹೇಳ್ದ. ಅಮ್ಮ ಇರೋ ಮನೇಲಿ ನೆಮ್ಮದಿ ಇಲ್ಲ, ಅಲ್ಲಿ ಊಟ ಮುಟ್ಟಲ್ಲ ಅಂತ. ನಾನು ಬೇರೆ ಮನೆ ಮಾಡ್ಕೊಂಡು ಇರ್ತೀನಿ, ನೀನು ಅವ್ಳನ್ನ ಕರ್ಕೊಂಡು ಬಾ ಅಂತ ಅವ್ನಿಗೆ ಅಂದೆ. ಇಲ್ಲಮ್ಮ, ಅವ್ಳು ಯಾವ್ದನ್ನೂ ನೇರ ಹೇಳಲ್ಲ, ಒಳಗಿರೋದನ್ನ ನಾವೇ ತಿಳ್ಕೋಬೇಕು, ನಂಗೆ ತಿಳೀತು ಅಂದ."

"ನಾನು ಬರಲ್ಲ ಅಂತ ಬರ್ದಿರ್ಲಿಲ್ಲ ಅಮ್ಮ" ಎಂದೆ.

"ಮತ್ತೆ ಏನ್ ಬರ್ದಿದ್ದೆ?"

"ಹಾಡಿನ ಅರ್ಥ ಬರ್ದಿದ್ದೆ" ಎಂದೆ.